ಮೂರು ಡಬ್ಬಿ ಬರ್ಲಿ, ಒಂದು ಮ್ಯಾನೇಜರ್ ಕುರ್ಚಿ

ನನ್ನ ಕಣ್ಣಿನ ಬಗ್ಗೆ ನನಗೆಷ್ಟು ಅಹಂಕಾರವಿದೆಯೋ, ಮೂಗು ನಾಲಿಗೆಗಳ ಬಗ್ಗೆಯೂ ಅಷ್ಟೇ ಇತ್ತು. ‘ಇತ್ತು’ ಎಂದದ್ದನ್ನು ದಯವಿಟ್ಟು ಗಮನಿಸಿ. ಬಳ್ಳಾರಿಯ ಒಂದು ಜೀನ್ಸ್ ವಾಷಿಂಗ್ ಯೂನಿಟ್‌ನಲ್ಲಿ ಹನ್ನೆರಡು ವರ್ಷದಿಂದ ಬಟ್ಟೆಯ ಶೇಡ್ ನೋಡುವ ಕೆಲಸ ನನ್ನದು. ಲೋಕಕ್ಕೆ ನೀಲಿ ಒಂದೇ ಬಣ್ಣ, ನನಗೆ ಹದಿನೇಳು. ಹಾಗಾಗಿ ನಮ್ಮ ಧಣಿ ಚನ್ನಬಸವರಾಜಪ್ಪನವರು ಪೈಪಿಗೆ ತುಂಬುವ ಬರ್ಲಿ ತಂಬಾಕಿನ ಮೂರು ಡಬ್ಬಿ ಮುಂದಿಟ್ಟುಕೊಂಡು, “ಅಣ್ಣನ ಮಗ ಕಳಿಸ್ಯಾನ. ಇದರಾಗ ಯಾವುದು ಚಲೋ ಅಂತ ತಿಳಿವಲ್ದು ನೋಡಪಾ ವೀರೇಶ” ಎಂದಾಗ ನಾನು ಎದೆಯುಬ್ಬಿಸಿದೆ.

“ಧಣೇರ, ಹದಿನೇಳು ನೀಲಿ ಗುರುತು ಹಿಡಿಯೋನಿಗೆ ಮೂರು ಹೊಗಿ ಯಾವ ಲೆಕ್ಕ?”

“ಹಂಗಾದ್ರ ಒಯ್ಯಿ, ನನ್ನ ಹಳೇ ಪೈಪೂ ತಗೊ. ಒಂದೊಂದರ ರುಚಿ ಬರದಿಡು, ಭಾನುವಾರ ಸಂಜಿಗೆ ನಿಮ್ಮ ಮನಿಗೆ ಬರ್ತೀನಿ. ಇಲ್ಲಿ ಈ ನೂಲಿನ ಧೂಳಿನಾಗ ಕಡ್ಡಿ ಗೀರಿದ್ರ ಯೂನಿಟ್ಟ ಹೊತ್ತಿ ಉರೀತೈತಿ. ಮತ್ತ ಮ್ಯಾನೇಜರ್ ಕುರ್ಚಿ ಖಾಲಿ ಐತಿ. ಇಂಥಾ ಸೂಕ್ಷ್ಮ ತಿಳಿಯೋರು ಅಲ್ಲಿ ಕುಂದ್ರಬೇಕು ಅಂತ ನನ್ನ ವಿಚಾರ.”

ಆ ಕುರ್ಚಿ! ನಾಲ್ಕು ವರ್ಷದಿಂದ ನಾನು ಕಣ್ಣಿಟ್ಟ ತಿರುಗುವ ಕುರ್ಚಿ, ಬೆನ್ನಿಗೆ ಬಿಳಿ ಟವೆಲ್ ಹೊದ್ದದ್ದು. ಶುಕ್ರವಾರ ಸಂಜೆ ಕೌಲ್ ಬಜಾರಿನ ನಮ್ಮ ಮನೆಗೆ ಬಂದವನೇ ಡಬ್ಬಿಗಳನ್ನು ಹೆಂಡತಿ ಸುನಂದಾಳ ಕೈಗಿತ್ತೆ.

“ಜ್ವಾಪಾನ. ನನ್ನ ಪ್ರಮೋಷನ್ ಐತಿ ಇದರಾಗ.”

“ಆತು ಬಿಡ್ರಿ, ನಾ ನೋಡ್ಕೊತೀನಿ” ಎಂದಳು.

ಶನಿವಾರ ಸಂಜೆ ಪರೀಕ್ಷೆಗೆ ಕೂತೆ. ಮೊದಲ ದಮ್ಮಿಗೆ ಕೆಮ್ಮು ಬಂತು, ಎರಡನೆಯದಕ್ಕೆ ಕಣ್ಣೀರು, ಮೂರನೆಯದಕ್ಕೆ ಸಾಹಿತ್ಯ. ‘ನಂಬರ್ ಒಂದು: ಹುರಿದ ಶೇಂಗಾ’ ಎಂದು ಬರೆದೆ. ಎರಡನೇ ಡಬ್ಬಿ ಹಚ್ಚಿದರೆ ಅದೂ ಶೇಂಗಾ! ಬಾಯಿ ಮುಕ್ಕಳಿಸಿ ಮೂರನೆಯದನ್ನು ಹಚ್ಚಿದೆ. ಶೇಂಗಾ. ಭಾನುವಾರ ಬೆಳಿಗ್ಗೆ ಮೂರನೇ ಡಬ್ಬಿಯಿಂದ ಒಂದನೆಯದಕ್ಕೆ ಹಿಂದುಮುಂದಾಗಿ ಸೇದಿದೆ. ಬೆಳಿಗ್ಗೆ ಮೂರನೆಯದು ಖಾರ, ಒಂದನೆಯದು ಸಪ್ಪೆ. ಮಧ್ಯಾಹ್ನ ಒಂದನೆಯದು ಖಾರ, ಮೂರನೆಯದು ಸಪ್ಪೆ. ಕೈಯಲ್ಲಿರುವುದು ಯಾವ ಡಬ್ಬಿ ಎಂಬುದೇ ಮರೆತುಹೋಗತೊಡಗಿತು.

“ಸುನಂದಾ, ಸ್ವಲ್ಪ ಇದನ್ನ ಮೂಸಿ ನೋಡು.”

“ನಾ ಮೂಸೋದ್ರಾಗ ವಗ್ಗರಣಿ ಸೀಯತೈತಿ. ಪ್ರಮೋಷನ್ ನಿಮ್ದು, ನೀವ ಮೂಸ್ರಿ.”

ನಾಲ್ಕು ಗಂಟೆಯಾಯಿತು. ಹದಿನೇಳು ನೀಲಿ ಬಲ್ಲವನು ‘ಗೊತ್ತಾಗಲಿಲ್ಲ’ ಎನ್ನುವುದುಂಟೆ? ಗಟ್ಟಿ ಮನಸ್ಸು ಮಾಡಿ ಬರೆದೆ. ‘ಒಂದು: ಶೇಂಗಾ, ಗಂಭೀರ ಸ್ವಭಾವ. ಎರಡು: ಕೋಕೋ, ಸ್ನೇಹಪರ. ಮೂರು: ಮಳೆಯಲ್ಲಿ ನೆಂದ ಹುಲ್ಲು, ಕೊನೆಗೆ ತುಸು ವೈರಾಗ್ಯ.’ ವೈರಾಗ್ಯ ಎಲ್ಲಿಂದ ಬಂತೋ ನನಗಂತೂ ಗೊತ್ತಿಲ್ಲ, ಪೆನ್ನನ್ನೇ ಕೇಳಬೇಕು.

ಧಣಿಗಳು ಬಂದರು. ನನ್ನ ಹಾಳೆ ಓದುತ್ತಾ ಒಂದೊಂದೇ ಹಚ್ಚಿ ಕಣ್ಣು ಮುಚ್ಚಿದರು.

“ಶೇಂಗಾ. ಖರೇವ ಗಂಭೀರ ಐತಿ.” ಎರಡನೆಯದಕ್ಕೆ, “ಹೌದಪಾ, ಕೋಕೋ.” ಮೂರನೆಯದನ್ನು ಬಹಳ ಹೊತ್ತು ಎಳೆದು, “ವೈರಾಗ್ಯ ಈಗ ಬಂತು ನೋಡು” ಎಂದರು.

ನನ್ನ ತಲೆ ಗಿರ್ರೆಂದಿತು. ಹಾಗಾದರೆ ಈ ರುಚಿಗಳೆಲ್ಲ ನಿಜವಾಗಿಯೂ ಇದ್ದವೇ? ನನಗೇ ತಿಳಿಯದ ಪ್ರತಿಭೆ ನನ್ನಲ್ಲಿತ್ತೇ?

“ಸ್ವಲ್ಪ ಒಣಗ್ಯಾವು, ಅಷ್ಟ” ಎಂದರು ಧಣಿಗಳು.

ಮಂಡಕ್ಕಿ ವಗ್ಗರಣಿ, ಮಿರ್ಚಿ ತಂದಿಡುತ್ತಿದ್ದ ಸುನಂದಾ, “ಒಣಗಲಾರದ ಏನ್ ಮಾಡ್ತಾವ್ರಿ? ತಂದಾಗ ಹಸಿ ಇದ್ವು. ಬೂಷ್ಟು ಹಿಡಿತಾವಂತ ನಿನ್ನಿ ಮಾಳಗಿ ಮ್ಯಾಲೆ ಬಿಸಲಿಗೆ ಹಾಕಿದ್ದೆ” ಎಂದಳು.

“ಮೂರನ್ನೂ ಬ್ಯಾರೆ ಬ್ಯಾರೆ ಹಾಕಿದ್ದಿ ಹೌದಿಲ್ಲೋ?” ಎಂದು ಕೇಳಿದೆ.

“ಒಂದ ಚಾಪಿ ಮ್ಯಾಲೆ ಹಾಕಿದ್ದೆ. ಗಾಳಿ ಬಿಟ್ಟು ಎಲ್ಲಾ ಕೂಡಿಬಿಟ್ವು. ಬಳದು ಮೂರೂ ಡಬ್ಬಿಗೆ ಸಮಾ ತುಂಬಿದೆ. ಮೊನ್ನಿ ಅದ ಚಾಪಿ ಮ್ಯಾಲೆ ಶೇಂಗಾ ಒಣಗಿಸಿದ್ದೆ, ಅದರ ವಾಸನಿ ಏನರ ಬರ್ತೈತೇನ್ರಿ?”

ಧಣಿಗಳ ಪೈಪು ಆರಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಮಿರ್ಚಿ ನೋಡುತ್ತಾ ಕೂತೆವು.

“ಮೊದಲು ಹೆಂಗಿದ್ವು ತಂಗಿ ಇವು?” ಎಂದರು ಧಣಿಗಳು.

“ಮುಚ್ಚಳ ತಗದ ಕೂಡ್ಲೆ ಗೊತ್ತಾಗ್ತಿತ್ತಲ್ರಿ. ಒಂದು ಬರೇ ಎಲಿ ವಾಸನಿ, ಒಂದು ಬೆಲ್ಲದ ಪಾಕ, ಇನ್ನೊಂದಕ್ಕ ಕೋಕೋ ಪುಡಿ ಹಚ್ಚಿದ್ರು.”

“ಅಣ್ಣನ ಮಗನೂ ಫೋನಿನಾಗ ಇದನ್ನ ಹೇಳಿದ್ದ, ನಾ ಮರತಿದ್ದೆ. ನೀ ಎಲ್ಲೆರ ಕೆಲಸ ಮಾಡಿದ್ದೇನು?”

“ಮದಿವಿಗಿಂತ ಮೊದಲ ಗಾರ್ಮೆಂಟ್ಸ್‌ನಾಗ ಐದು ವರ್ಷ ಚೆಕಿಂಗ್ ಸೂಪರ್‌ವೈಸರ್ ಇದ್ದೆ ರೀ.”

ಇದಾಗಿ ಮೂರು ತಿಂಗಳು. ಇವತ್ತು ಬೆಳಿಗ್ಗೆ ಎರಡು ಪ್ಯಾಂಟು ಹಿಡಿದು, ‘ಎರಡೂ ಒಂದೇ ಶೇಡ್’ ಎಂದು ಚೀಟಿ ಅಂಟಿಸಿ ಮ್ಯಾನೇಜರ್ ಕೋಣೆಗೆ ಕಳಿಸಿದ್ದೆ. ಹತ್ತೇ ನಿಮಿಷಕ್ಕೆ ವಾಪಸ್ ಬಂದವು. ಚೀಟಿಯ ಹಿಂಬದಿಯಲ್ಲಿ ಹೀಗಿತ್ತು:

‘ಎರಡೂ ಬೇರೆ. ಮತ್ತೊಮ್ಮೆ ನೋಡಿ. ಮ್ಯಾನೇಜರ್.’

ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: ‘ಸಂಜಿಗೆ ಬರುವಾಗ ಕೊತ್ತಂಬರಿ ತರ್ರಿ. ನೀವ ಮೂಸಿ ಆರಿಸಬ್ಯಾಡ್ರಿ, ಮಾರೋ ಆಕಿನ್ನ ಕೇಳ್ರಿ.’