ಲಿಂಬೆಹಣ್ಣು ತುಳಿಯದ ಮೇಪಲ್

ಕುದುರೆಯ ಬಗ್ಗೆ ಬರೆಯುವಷ್ಟು ನನಗೆ ಗೊತ್ತಿಲ್ಲ. ಜೀನು ಯಾವ ಕಡೆಯಿಂದ ಹಾಕುತ್ತಾರೆಂಬುದನ್ನೂ ಕೇಳಿ ತಿಳಿದುಕೊಂಡವ ನಾನು. ಬಲ್ಲವರು ತಪ್ಪು ಕಂಡಲ್ಲಿ ತಿದ್ದಿಕೊಳ್ಳಬೇಕು. ಆದರೂ ಹಾಲಪ್ಪನ ಆ ಶನಿವಾರವನ್ನು ಯಾರೂ ಹೇಳದೆ ಬಿಟ್ಟರೆ ಅದೂ ತಪ್ಪಾದೀತು ಎನ್ನಿಸಿ ಧೈರ್ಯ ಮಾಡಿದ್ದೇನೆ.

ಎಲ್ಲಕ್ಕೂ ಕಾರಣ ಊಟದ ಹೊತ್ತಿನ ಒಂದು ಮಾತು. ಕಡಲಾಚೆಯ ಸ್ಕ್ರಿಪ್ಸ್ ರ್ಯಾಂಚ್ ಎಂಬ ಬಡಾವಣೆಯಲ್ಲಿದ್ದು ಚಿಪ್ ಡಿಸೈನ್ ಮಾಡುವ ಹಾಲಪ್ಪನಿಗೆ ಮಗಳು ಕುದುರೆ ಹತ್ತಿದಳೆಂದರೆ ಎದೆ ಡವಡವ. "ಬಿದ್ದು ಕೈಕಾಲು ಮುರಕೊಂಡೀ, ಸಾಕು ಬಿಡು" ಅಂದ.

ಹನ್ನೆರಡರ ವೈಷ್ಣವಿ ಚಮಚ ಕೆಳಗಿಟ್ಟಳು. "ಡ್ಯಾಡ್, ನೀನೇ ಒಂದ್ಸಲ ಟ್ರೇಲ್ ಮಾಡು. ಬೀಳದೆ ಮುಗಿಸಿದ್ರೆ ನಾನು ಟ್ರೇಲ್ ಬಿಡ್ತೀನಿ. ಪ್ರಾಮಿಸ್."

ಟ್ರೇಲ್ ಎಂದರೆ ಓಟವಲ್ಲ. ರ್ಯಾಂಚಿನಲ್ಲಿ ದನ ಕಾಯಲು ಹೊರಟ ಕುದುರೆಗೆ ದಾರಿಯಲ್ಲಿ ಎದುರಾಗುವುದನ್ನೆಲ್ಲ ಒಂದು ಅಂಗಳದಲ್ಲಿ ಜೋಡಿಸಿರುತ್ತಾರೆ. ಮೇಲೆ ಕೂತೇ ತೆರೆದು ಮುಚ್ಚಬೇಕಾದ ಗೇಟು, ಅಡ್ಡ ಬಿದ್ದ ದಿಮ್ಮಿಗಳು, ಹಲಗೆಯ ಸೇತುವೆ. ನಿಧಾನವಾಗಿ, ದಿಮ್ಮಿಗೆ ಗೊರಸು ತಾಕದಂತೆ ದಾಟಬೇಕು. ಹಾಲಪ್ಪ ಪಂತ ಒಪ್ಪಿ ಬೇಸಿಗೆಯೆಲ್ಲ ಕಲಿತ. ಡೆಲ್ ಮಾರ್ ಕಡಲತೀರದಿಂದ ಒಳಕ್ಕಿರುವ, ಮಗಳು ಕಲಿಯುವ ಲಾಯದಲ್ಲಿ ಅವನ ಪಾಲಿಗೆ ಬಂದವಳು ಮೇಪಲ್ ಎಂಬ ಕಂದು ಹೆಣ್ಣುಕುದುರೆ.

ಲಾಯದವರ ಟ್ರೇಲ್ ಸ್ಪರ್ಧೆಯ ಶನಿವಾರ ಬೆಳಿಗ್ಗೆ ಅವನೇ ಮೈ ಉಜ್ಜಿದ, ಗೊರಸಿನ ಮಣ್ಣು ಕೆರೆದ, ಜೀನು ಬಿಗಿದ. ಕಲಿಸುವ ಡೋನಾ ಎಚ್ಚರಿಸಿದಳು: ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಮೇಪಲ್ ಬೇಕೆಂದೇ ಹೊಟ್ಟೆ ಉಬ್ಬಿಸುತ್ತಾಳೆ. ಸ್ವಲ್ಪ ನಡೆಸಿ ಇನ್ನೊಮ್ಮೆ ಬಿಗಿಯಬೇಕು, ಇಲ್ಲದಿದ್ದರೆ ಜೀನು ಸಡಿಲ.

ನೋಡಲು ಬಂದಿದ್ದ ಪಕ್ಕದ ಮನೆಯ ಶ್ರೀರಂಗ ಆಗಲೇ ಬೇಲಿಗೆ ಒರಗಿದ್ದ. "ಟೆನ್ಷನ್ ಬೇಡ ಸಾರ್, ಕಾರ್ ಥರಾನೇ. ಲೆಫ್ಟ್ ಎಳೆದ್ರೆ ಲೆಫ್ಟು, ರೈಟ್ ಎಳೆದ್ರೆ ರೈಟು."

"ಬ್ರೇಕು?"

"ಅದನ್ನ ಮಾತ್ರ ಡೋನಾನ ಕೇಳ್ಬಿಡಿ."

ಅಷ್ಟರಲ್ಲಿ ಹಾಲಪ್ಪನ ತಾಯಿ ಗುರುಶಾಂತವ್ವ ಕೈಚೀಲದೊಂದಿಗೆ ಬಂದಳು. ಮೇಪಲ್‌ಳ ಹಣೆಗೆ ಕುಂಕುಮ ಹಚ್ಚಿದಳು. ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿದಳು. ಮೇಪಲ್ ಕತ್ತು ತಿರುಗಿಸಿ ಬಾಯಿಗೆಟುಕಿದಷ್ಟು ಮಾಲೆ ತಿಂದಳು. ಆಮೇಲೆ ಮುದುಕಿ ಗೊರಸಿನ ಮುಂದೆ ಒಂದೊಂದು ಲಿಂಬೆಹಣ್ಣು ಇಟ್ಟಳು.

"ಯವ್ವಾ, ಇದು ಗಾಡಿ ಅಲ್ಲ!"

"ನೀ ಮ್ಯಾಲ ಕುಂದ್ರತೀ, ಅದು ಒಯ್ತದ. ಗಾಡಿ ಅಲ್ಲದ ಮತ್ತೇನದು? ಹಣ್ಣ ತುಳಿಸಲಾರದ ಹೊರಡಬ್ಯಾಡ."

ಹಾಲಪ್ಪ ಏರಿ ಹಿಮ್ಮಡಿ ಒತ್ತಿದ. ಮೇಪಲ್ ಮೂಸಿದಳು, ಕಾಲೆತ್ತಿದಳು, ಮಡಿಯುಟ್ಟವರು ಅಂಗಳದ ಕೆಸರು ದಾಟುವಂತೆ ಹಣ್ಣನ್ನು ದಾಟಿದಳು. ಮುದುಕಿ ಹಣ್ಣು ಸರಿಸಿಟ್ಟಳು. ಕುದುರೆ ಮತ್ತೆ ದಾಟಿತು.

"ರಿವರ್ಸ್ ತಗೊಳ್ಳಿ ಸಾರ್!" ಎಂದ ಶ್ರೀರಂಗ.

ರಿವರ್ಸಿನಲ್ಲೂ ದಾಟಿತು. ಡೋನಾ ತಲೆಯ ಮೇಲೆ ಕೈಹೊತ್ತು ಓಡಿಬಂದಳು: ನೆಲದ ಮೇಲಿನದನ್ನು ತುಳಿಯಬಾರದೆಂದೇ ಅವಳಿಗೆ ವರ್ಷಗಟ್ಟಲೆ ಕಲಿಸಿದ್ದೇನೆ, ಈಗ ಏನು ನಡೆಸಿದ್ದೀರಿ! ಅದೇ ಗಳಿಗೆಗೆ ಮೈಕಿನಲ್ಲಿ ಅವನ ಹೆಸರನ್ನು "ಹಲಾಪಾ" ಎಂದು ಕೂಗಿದರು. ಗುರುಶಾಂತವ್ವ ಚಪ್ಪಲಿಯಿಂದ ತಾನೇ ಒಂದು ಹಣ್ಣು ಹಿಸುಕಿ, "ಹೋಗಪಾ, ಅದರ ಬದ್ಲಿ ನಾನಽ ತುಳದೀನಿ" ಎಂದಳು. ಈ ಗಡಿಬಿಡಿಯಲ್ಲಿ ಪಟ್ಟಿಯನ್ನು ಯಾರೂ ಇನ್ನೊಮ್ಮೆ ಬಿಗಿಯಲಿಲ್ಲ.

ಗೇಟಿನ ಹತ್ತಿರ ಹಾಲಪ್ಪನ ಕೈ ಗಾಳಿಯಲ್ಲಿ ಚಿಲಕ ಹುಡುಕುತ್ತಿತ್ತು. ಮೇಪಲ್ ತಾನಾಗಿ ಪಕ್ಕಕ್ಕೆ ಸರಿದು ಚಿಲಕವನ್ನು ಅವನ ಅಂಗೈ ಕೆಳಗೆ ತಂದಳು. ಅವನಿಗೆ ಮೈ ಜುಮ್ಮೆಂದಿತು. ತಾನು ಕೇಳದೆಯೇ ಇಷ್ಟು ದೊಡ್ಡ ಜೀವ ತನ್ನ ಮನಸ್ಸು ಓದಿತೆ?

ದಿಮ್ಮಿಗಳ ನಡುವೆ ಜೀನು ಜಾರಿತು. ಹಾಲಪ್ಪ ಸೈಕಲ್ ಹ್ಯಾಂಡಲಿಗೆ ತೂಗುಹಾಕಿದ ತರಕಾರಿ ಚೀಲದಂತೆ ಒಂದು ಪಕ್ಕಕ್ಕೆ ವಾಲಿದ. ನೆಲ ಮೂಗಿನ ಹತ್ತಿರ ಬಂತು.

"ಹಿಡ್ಕೋ ಡ್ಯಾಡ್!" ಎಂದು ವೈಷ್ಣವಿ ಚೀರಿದಳು.

ಮೇಪಲ್ ಓಡಲಿಲ್ಲ. ನಾಲ್ಕೂ ಕಾಲೂರಿ ಬಂಡೆಯಂತೆ ನಿಂತಳು. ಕಿವಿಗಳನ್ನು ಮಾತ್ರ ಹಿಂದಕ್ಕೆ, ಅವನ ಏದುಸಿರಿನ ಕಡೆಗೆ ತಿರುಗಿಸಿದಳು. ಅವನು ಜೂಲು ಹಿಡಿದು, ಆಚೆ ಬದಿಯ ರಿಕಾಪಿಗೆ ಕಾಲಿನ ಭಾರ ಕೊಟ್ಟು, ಜೀನಿನ ಸಮೇತ ನೆಟ್ಟಗಾಗುವತನಕ ಕಾದಳು. ಆಮೇಲೆ ತುಂಬಿದ ಕೊಡ ಹೊತ್ತ ಹೆಣ್ಣುಮಗಳ ಹಾಗೆ ಒಂದೊಂದೇ ಹೆಜ್ಜೆ ತೂಗಿ ಇಟ್ಟಳು. ಸೇತುವೆಯ ಹಲಗೆಯ ಮೇಲೆ ಗೊರಸಿನ ಸದ್ದು ಗುಡಿಯೊಳಗಿನ ಸದ್ದಿನಂತೆ ಕೇಳಿತು. ಹಾಲಪ್ಪನಿಗೆ ಪಂತ ಮರೆತೇಹೋಯಿತು. ಶ್ರೀರಂಗ ಕೂಡ ಬೇಲಿ ಬಿಟ್ಟು ನೆಟ್ಟಗೆ ನಿಂತಿದ್ದ.

ಬೀಳದೆ ಮುಗಿಯಿತು! ಕೆಳಗಿಳಿದ ಹಾಲಪ್ಪ ಕುದುರೆಯ ಕತ್ತಿಗೆ ಹಣೆಯಿಟ್ಟು ಬಹಳ ಹೊತ್ತು ನಿಂತ. ಆಮೇಲೆ ಕಣ್ಣೊರೆಸಿಕೊಂಡು ಮಗಳತ್ತ ತಿರುಗಿದ. "ಗೆದ್ದೆ. ಮಾತು ಅಂದ್ರೆ ಮಾತು."

"ಪ್ರಾಮಿಸ್ ಡ್ಯಾಡ್. ಇವತ್ತಿಂದ ಟ್ರೇಲ್ ಇಲ್ಲ." ವೈಷ್ಣವಿ ಅವನ ಸೊಂಟ ತಬ್ಬಿಕೊಂಡಳು. "ನನಗೆ ಅದು ತುಂಬಾ ಡೇಂಜರ್ ಅನ್ಸಿತ್ತು. ನೀನೇ ಮಾಡ್ಬಿಟ್ಟೆ ಅಂದ್ಮೇಲೆ ಅದು ಬೇಬಿ ಸ್ಟಫ್. ಡೋನಾ ಹತ್ರ ಈಗ್ಲೇ ಹೆಸರು ಕೊಟ್ಟೆ, ಮಂಡೇಯಿಂದ ಜಂಪಿಂಗ್."

"ಏನು?"

ಅವಳು ಪಕ್ಕದ ಅಂಗಳ ತೋರಿಸಿದಳು. ಬೈಯಲೆಂದು ಹಾಲಪ್ಪ ಬಾಯಿ ತೆರೆದ. ಆಗಲೇ ಬಿಳಿ ಕುದುರೆಯೊಂದು ದಡದಡನೆ ಬಂದು, ಅವನ ಎದೆಮಟ್ಟದ ಅಡ್ಡಗಳುವಿನ ಮೇಲೆ ಎದ್ದಿತು. ನಾಲ್ಕೂ ಕಾಲು ನೆಲ ಬಿಟ್ಟು, ಬಿಸಿಲಿನಲ್ಲಿ ಒಂದು ಕ್ಷಣ ಹಾಗೇ ನಿಂತಂತೆ ಕಂಡಿತು.

ತೆರೆದ ಬಾಯಿ ತೆರೆದೇ ಇತ್ತು. ಅದರಿಂದ ಹೊರಡಬೇಕಾಗಿದ್ದ ಮಾತು 'ಬೇಡ' ಎಂದೋ, 'ಆಹಾ' ಎಂದೋ, ನನಗೆ ಗೊತ್ತಿಲ್ಲ. ಹಾಲಪ್ಪನನ್ನೇ ಕೇಳಿದೆ. ಅವನಿಗೂ ಗೊತ್ತಿಲ್ಲವಂತೆ.