ನಲವತ್ತೆರಡು ಸಹಿ

ಕಾಂಚನ ಬೆಳಿಗ್ಗೆ ಅಂಗಳದಲ್ಲಿ ರಂಗೋಲಿ ಹಾಕುತ್ತ ಪಕ್ಕದ ಮನೆಯ ತುಳಸವ್ವನಿಗೆ, "ಇವತ್ತ ನಮ್ಮ ಮನೀಗಿ ಪೊಲೀಸರು ಬರಾಕತ್ತಾರ ನೋಡ್ರಿ" ಎಂದಳು. ಯಾಕೆ ಎಂದು ಹೇಳುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿದ ವಾಸನೆ ಬಂತು. ಒಳಗೆ ಓಡಿದಳು.

ಅವಳ ಗಂಡ ಸುಧೀರ ಸ್ನಾನ ಮುಗಿಸಿ, ತಲೆ ಒರೆಸುತ್ತ ಹೊರಗೆ ಬಂದಾಗ ಗೇಟಿನ ಮುಂದೆ ಹದಿನೈದು ಜನ ನಿಂತಿದ್ದರು. ಸತ್ತವರ ಮನೆಗೆ ಬಂದವರ ಹಾಗೆ ಯಾರೂ ಮಾತಾಡುತ್ತಿರಲಿಲ್ಲ. ನಿವೃತ್ತ ಬಸ್ ಕಂಡಕ್ಟರ್ ಮಲಕಾರಿ ಮುಂದೆ ಬಂದು ಸುಧೀರನ ಒದ್ದೆ ಹೆಗಲ ಮೇಲೆ ಕೈಯಿಟ್ಟ.

"ಅಂಜಬ್ಯಾಡ್ರಿ ಮಾಸ್ತರ. ಚಿಕ್ಕೋಡಿ ಕೋರ್ಟಿನ ವಕೀಲರೆಲ್ಲಾ ನನ್ನ ಬಸ್ಸಿನ್ಯಾಗ ಅಡ್ಡಾಡಿದವರ. ಒಂದ ಫೋನ್ ಹಚ್ಚಿದ್ರ ಸಾಕು."

"ಅಯ್ಯೋ ಮಾರಾಯಾ, ಪಾಸ್‌ಪೋರ್ಟ್ ವಿಚಾರಣಿಗೆ ಬರಾಕತ್ತಾರ!" ಎಂದ ಸುಧೀರ.

ಜನರ ಮುಖದಲ್ಲಿ ಸ್ವಲ್ಪ ನಿರಾಸೆ ಕಂಡಿತು. ಆದರೂ ಯಾರೂ ಮನೆಗೆ ಹೋಗಲಿಲ್ಲ.

ಸುಧೀರ ಕರೋಶಿಯ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಜೊತೆಗೆ ಸ್ಕೌಟ್ ಮಾಸ್ತರ. ಹತ್ತೊಂಬತ್ತು ವರ್ಷ ಸೀಟಿ ಊದಿ, ಹಗ್ಗಕ್ಕೆ ಗಂಟು ಹಾಕಿಸಿ, ಹುಡುಗರನ್ನು ಬಿಸಿಲಲ್ಲಿ ನಡೆಸಿದ್ದ. ಕೊಲ್ಹಾಪುರದ ಆಚೆ ಯಾವ ಶಿಬಿರವನ್ನೂ ಕಂಡವನಲ್ಲ. ಈಗ ಒಮ್ಮೆಲೇ ಸ್ವಿಟ್ಜರ್‌ಲೆಂಡಿನ ಕರೆ ಬಂದಿತ್ತು. ಅಲ್ಲಿ ಹಿಮದ ಬೆಟ್ಟಗಳ ನಡುವೆ ಜಗತ್ತಿನ ಸ್ಕೌಟ್ ಹುಡುಗರೆಲ್ಲ ಬಂದು ಸೇರುವ ಒಂದು ದೊಡ್ಡ ಕಟ್ಟಿಗೆಯ ಮನೆಯಂತೆ. ಶಾಲೆಯ ನಾಲ್ಕು ಹುಡುಗರು ಆರಿಸಿ ಬಂದಿದ್ದರು. ಜೊತೆಗೆ ಒಬ್ಬ ಮಾಸ್ತರ ಹೋಗಬೇಕು, ಮೂರು ವಾರ. ಸುಧೀರನಿಗೆ ಹದಿನೈದು ದಿನದಿಂದ ಊಟ ರುಚಿಸುತ್ತಿರಲಿಲ್ಲ, ಖುಷಿಗೆ.

ಹನ್ನೊಂದಕ್ಕೆ ಹವಾಲ್ದಾರ ಜಕ್ಕಪ್ಪ ಬಂದ. ನಿಧಾನದ ಮನುಷ್ಯ. ಚಹಾ ಕುಡಿದು, ಮೀಸೆ ಒರೆಸಿಕೊಂಡು, ಕಡತ ಬಿಚ್ಚಿ, "ನೆರೆಮನಿಯವರು ಇಬ್ಬರು ಬೇಕ್ರಿ" ಎಂದ. ಹದಿನೈದು ಜನರೂ ಒಳಗೆ ಬಂದರು.

"ಇವರ ಮ್ಯಾಲ ಏನರ ಕೇಸ್ ಐತೇನ್ರಿ?"

"ಛೇ ಛೇ! ಅಂಥಾವ ಅಲ್ಲಪಾ" ಎಂದಳು ತುಳಸವ್ವ. "ಭಾಳ ಸಂಭಾವಿತ ಮನಷ್ಯಾ. ಹೋದ ವರ್ಷ ಜೈಲಿನ್ಯಾಗ ಇದ್ನಲ್ಲ, ಅಲ್ಲೂ ಎಲ್ಲಾರೂ ಅವನ್ನ ಹೊಗಳಿದವರ."

ಜಕ್ಕಪ್ಪನ ಪೆನ್ನು ನಿಂತಿತು.

"ರಾಖಿ ಕಟ್ಟಸಾಕ ಹೋಗಿದ್ದೆನ್ರಿ!" ಸುಧೀರ ಕುರ್ಚಿಯಿಂದ ಎದ್ದುಬಿಟ್ಟ. "ಸ್ಕೌಟ್ ಹುಡುಗರನ್ನ ಕರಕೊಂಡು, ಕೈದಿಗಳಿಗೆ ರಾಖಿ ಕಟ್ಟಸಾಕ!"

"ಫೋಟೋ ಐತೇನ್ರಿ?"

ಕಾಂಚನ ಫೋಟೋ ತಂದಳು. ಅದರಲ್ಲಿ ಬಿಳಿ ಅಂಗಿಯ ಕೈದಿಗಳ ನಡುವೆ ಸುಧೀರ, ಬೆಳಿಗ್ಗೆ ಹಿಡಿದು ತಂದವನಂತೆ ಪೆಚ್ಚಾಗಿ ನಿಂತಿದ್ದ. ಹುಡುಗರು ಚೌಕಟ್ಟಿನ ಹೊರಗೆ ಉಳಿದಿದ್ದರು. ಜಕ್ಕಪ್ಪ ಫೋಟೋವನ್ನೂ ಸುಧೀರನನ್ನೂ ನಾಲ್ಕು ಸಲ ನೋಡಿದ.

ಪರಿಸ್ಥಿತಿ ಸುಧಾರಿಸಬೇಕೆಂದು ಮಲಕಾರಿಗೆ ಅನಿಸಿತು. "ಸಾಹೇಬ್ರ, ನಮ್ಮ ಮಾಸ್ತರ ಭಾಳ ಶಾಣ್ಯಾ. ಆ ದೇಶಕ್ಕ ಹೋದ್ನಂದ್ರ ಅಲ್ಲೇ ದೊಡ್ಡ ಮನಷ್ಯಾ ಆಗ್ತಾನ. ತಿರಗಿ ಯಾಕ ಬರ್ತಾನ್ರೀ? ಇಲ್ಲೇನೈತಿ? ನಾನಾಗಿದ್ರ ಬರತಿರಲಿಲ್ಲ."

ಜಕ್ಕಪ್ಪ ಕಡತ ಮುಚ್ಚಿದ. "ಸರ, ಜೈಲಿಂದು ಹೆಂಗರ ತಿಳಕೋತೀನಿ. ಆದ್ರ ತಿರಗಿ ಬರಾಂಗಿಲ್ಲ ಅಂತ ಸಾಕ್ಷಿನ ಹೇಳಿದ್ರ ನಾ ಏನ್ ಬರೀಲಿ? ಬಾಜೂ ಓಣ್ಯಾಗ ಇನ್ನೊಂದ ವಿಚಾರಣಿ ಐತಿ. ಮೂರಕ್ಕ ಬರ್ತೀನಿ. ಅಷ್ಟ್ರಾಗ, ನಿಮ್ಮ ಬೇರು ಇದ ಊರಾಗ ಐತಿ, ತಿರಗಿ ಬಂದ ಬರ್ತೀರಿ ಅನ್ನೂಹಂಗ ಒಂದ ಕಾಗದ ಬರಸ್ರಿ. ಮಂದಿ ಸಹಿ ಇರ್ಲಿ."

ಸುಧೀರ ಕಾಗದ ಬರೆಯಲು ಮಲಕಾರಿಗೇ ಹೇಳಿದ. ತಪ್ಪು ಮಾಡಿದವನೇ ತಿದ್ದಲಿ ಎಂದು. ಮಲಕಾರಿ ಅರ್ಧ ತಾಸು ಪೆನ್ನು ಕಚ್ಚಿ, 'ಮಾಸ್ತರ ಬರ್ತಾನ' ಎಂದು ಎರಡೇ ಶಬ್ದ ಬರೆದ. ಕೊನೆಗೆ ಸುಧೀರನೇ ಕೂತ. ಹತ್ತೊಂಬತ್ತು ವರ್ಷ ಪ್ರಬಂಧ ಕಲಿಸಿದ ಕೈ. ಒಮ್ಮೆ ಬಿಟ್ಟರೆ ನಿಲ್ಲುವುದಲ್ಲ.

'ಸದರಿ ಸುಧೀರ ಗುರುಗಳಿಲ್ಲದೆ ನಮ್ಮ ಶಾಲೆಯು ಒಂದು ದಿನವೂ ನಡೆಯಲಾರದು. ಅವರು ಮಕ್ಕಳ ಬಾಳಿನ ದೀಪ, ಊರಿನ ಬೆನ್ನೆಲುಬು. ಅವರ ಗೈರುಹಾಜರಿಯನ್ನು ನೆನೆದರೂ ಗ್ರಾಮಸ್ಥರ ಎದೆ ಝಲ್ಲೆನ್ನುತ್ತದೆ...'

ತನ್ನ ಬಗ್ಗೆ ತಾನೇ ಬರೆಯಲು ಮೊದಮೊದಲು ನಾಚಿಕೆಯಾಯಿತು. ಎರಡನೆಯ ಪುಟಕ್ಕೆ ಬರುವಾಗ ಅದೆಲ್ಲ ನಿಜವೆಂದೇ ಅನಿಸತೊಡಗಿತ್ತು.

ಮಲಕಾರಿ ಕಟ್ಟೆಯ ಮೇಲೆ ನಿಂತು, ಬಸ್ಸಿನಲ್ಲಿ ನಿಲ್ದಾಣದ ಹೆಸರು ಕೂಗಿದ ದನಿಯಲ್ಲಿ ಅದನ್ನು ಓಣಿಗೆಲ್ಲ ಓದಿ ಹೇಳಿದ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. "ನನ್ನ ಎಮ್ಮಿ ಕರಾ ಹಾಕೂ ಮುಂದ ಡಾಕ್ಟರಗ ಫೋನ್ ಹಚ್ಚಿದವ ಇವನ. ಅದನ್ನೂ ಬರಿ" ಎಂದಳು ತುಳಸವ್ವ. ಅದನ್ನೂ ಬರೆದದ್ದಾಯಿತು. ಸಹಿಗಳು, ಹೆಬ್ಬೆಟ್ಟುಗಳು ಸೇರಿ ನಲವತ್ತೆರಡಾದವು. ದಾರಿಯಲ್ಲಿ ಹೊರಟಿದ್ದ ಪಾತ್ರೆ ಮಾರುವವನೂ ಒಂದು ಒತ್ತಿ ಹೋದ.

ಮೂರಕ್ಕೆ ಬಂದ ಜಕ್ಕಪ್ಪ ಕಾಗದವನ್ನು ಬಾಯಿಬಿಟ್ಟು ಓದಿದ. ಓದಿ ಮುಗಿಸಿ ಟೋಪಿ ತೆಗೆದ.

"ಇಪ್ಪತ್ತ ವರ್ಷದ ನೌಕರ್ಯಾಗ ಇಂಥಾ ಮಂದಿ ಪ್ರೀತಿ ನೋಡಿಲ್ರಿ ಸರ. ನಿಮ್ಮ ಪಾಸ್‌ಪೋರ್ಟ್ ಬಂತಂತ ತಿಳಕೋರಿ" ಎಂದು ಷರಾ ಬರೆದು, ಸುಧೀರನಿಗೆ ಸೆಲ್ಯೂಟು ಹೊಡೆದೇ ಹೋದ.

ಸುಧೀರನಿಗೆ ಅಂದು ಮೊದಲ ಬಾರಿ ಹಸಿವಾಯಿತು. ಎರಡು ಜೋಳದ ರೊಟ್ಟಿ ಮುಗಿಸಿ ಮೂರನೆಯದಕ್ಕೆ ಕೈ ಹಾಕಿದಾಗ ಹೊರಗೆ ಬೈಕಿನ ಸದ್ದಾಯಿತು. ಹೆಡ್‌ಮಾಸ್ತರ ಮಹಾದೇವ ಬಂದಿದ್ದರು. ಅವರ ಕಣ್ಣುಗಳು ಕೆಂಪಾಗಿದ್ದವು.

"ಸುಧೀರ, ಆ ಮಲಕಾರಿ ನಿಮ್ಮ ಕಾಗದದ ಫೋಟೋ ಊರಿನ ವಾಟ್ಸಾಪ್ ಗ್ರೂಪಿಗೆ ಹಾಕ್ಯಾನ. ಓದಿದೆ. ನಿಮ್ಮನ್ನ ಇಷ್ಟ ದಿನಾ ನಾ ಬರೇ ಕನ್ನಡ ಮಾಸ್ತರ ಅಂತ ತಿಳಕೊಂಡಿದ್ದೆ ನೋಡ್ರಿ."

"ಏ, ಏನಿಲ್ರಿ ಸರ" ಎಂದ ಸುಧೀರ, ಕೈ ತೊಳೆಯುತ್ತ.

"ನಮ್ಮ ಸಾಲಿ ಚೇರಮನ್ ಭೂಪಾಲ ಅಣ್ಣಾರೂ ಓದಿದ್ರು. ಎರಡ ಸಲ ಓದಿದ್ರು. ಆಮ್ಯಾಲ ನನಗ ಫೋನ್ ಮಾಡಿ, 'ಹೆಡ್‌ಮಾಸ್ತರ, ಈ ವರ್ಷ ಹತ್ತನೇ ಇಯತ್ತೆ ರಿಸಲ್ಟ್ ನಾಜೂಕ ಐತಿ. ಒಂದ ದಿನಾನೂ ಇಲ್ಲದ ನಡ್ಯಾಂಗಿಲ್ಲ ಅನ್ನೂ ಮನಷ್ಯಾನ್ನ ಮೂರ ವಾರ ಹೆಂಗ ಬಿಡ್ತೀರಿ? ಊರಿನ ನಲವತ್ತೆರಡ ಮಂದಿ ಬರದ ಕೊಟ್ಟಾರಲ್ಲ!' ಅಂದ್ರು."

ಸುಧೀರ ತಂಬಿಗೆ ಕೆಳಗಿಟ್ಟ.

"ಸರ, ಅದು... ಅದನ್ನ ನಾನ ಬರ್ದೀನ್ರಿ."

"ವಿನಯ ಅಂದ್ರ ನಿಮ್ಮದ ನೋಡ್ರಿ" ಎಂದರು ಹೆಡ್‌ಮಾಸ್ತರ, ಕಣ್ಣೊರೆಸಿಕೊಂಡು.

"ಹಂಗಾರ ಹುಡುಗರ ಜೋಡಿ ಯಾರ್ ಹೋಗ್ತಾರ್ರಿ?"

"ಅದಕ್ಕೂ ಅಣ್ಣಾರ ಹೇಳ್ಯಾರ. ಯಾರ ಇಲ್ಲಂದ್ರೂ ಸಾಲಿ ನಡೀತೈತೋ ಅವರನ್ನ ಕಳಸ್ರಿ ಅಂತ. ಡ್ರಾಯಿಂಗ್ ಮಾಸ್ತರ ಉತ್ತಮ ಅದಾನಲ್ಲ, ಅವನ ಹತ್ರ ಪಾಸ್‌ಪೋರ್ಟೂ ಐತಿ. ಸ್ಟಾಫ್ ರೂಮಿನ್ಯಾಗ ಮಲಗಿದ್ದ. ಎಬ್ಬಿಸಿ ಹೇಳಿ ಬಂದೆ. ಮತ್ತ ಅವನ ಪೀರಿಯಡ್ ಮೂರ ವಾರ ನೀವ ತಗೋಬೇಕಾಗ್ತೈತಿ."

ಬೈಕು ಹೋಯಿತು. ಸುಧೀರ ಕಟ್ಟೆಯ ಮೇಲೆ ಹೋಗಿ ಕೂತ. ಕಾಂಚನ ತಂಬಿಗೆ ಎತ್ತಿಕೊಂಡು ಒಳಗೆ ಹೋದಳು.

ಅಷ್ಟರಲ್ಲಿ ತುಳಸವ್ವ ಗಿಣ್ಣದ ಬಟ್ಟಲು ಹಿಡಿದುಕೊಂಡು ಲಗುಬಗೆಯಿಂದ ಬಂದಳು. ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. ಬಟ್ಟಲನ್ನು ಸುಧೀರನ ಕೈಗಿಟ್ಟು, ಅವನ ಗಲ್ಲ ಸವರಿ ನೆಟಿಗೆ ಮುರಿದಳು.

"ತಿನ್ನು ತಮ್ಮಾ. ನೀ ಇಲ್ಲಂದ್ರ ಊರ ನಡ್ಯಾಂಗಿಲ್ಲ, ಇವನ್ನ ಕಳಸಬ್ಯಾಡ್ರಿ ಅಂತ ಅಷ್ಟೂ ಮಂದಿ ಹೆಬ್ಬಟ್ಟ ಒತ್ತಿದ್ವಿ. ದೊಡ್ಡವರು ನಮ್ಮ ಮಾತ ನಡಿಸಿದ್ರ ನೋಡು!"