ತಂಗಿಯ ಮನೆಗೆ ನಮ್ಮ ಅಡುಗೆಮನೆಯೇ ದಾರಿ

ತಂಗಿಯ ಪಾಲಿನ ಜಾಗಕ್ಕೆ ನಾನು ದಾರಿ ಬಿಡಲಿಲ್ಲ. ರಾಣೆಬೆನ್ನೂರಿನಲ್ಲಿ ಗೂಡ್ಸ್ ಆಟೋ ಓಡಿಸುತ್ತ, ದಿನವಿಡೀ ದಾರಿಯ ಮೇಲೆಯೇ ಹೊಟ್ಟೆ ಹೊರೆಯುವವನು ದಾರಿಯನ್ನೇ ಮರೆತನೆಂದರೆ ನಂಬುವುದು ಕಷ್ಟ. ಆದರೂ ಮರೆತೆನೆಂದೇ ಎಲ್ಲರಿಗೂ ಹೇಳಿಕೊಂಡು ಬಂದೆ.

ನಮ್ಮಪ್ಪ ಬಿಟ್ಟುಹೋದದ್ದು ಉದ್ದನೆಯ ಒಂದು ಸೈಟು. ಅಗಲ ಕಡಿಮೆ. ಉದ್ದಕ್ಕೆ ಸೀಳಿದರೆ ಇಬ್ಬರಿಗೂ ಮನೆಯ ಬದಲು ರೈಲು ಡಬ್ಬಿ ಸಿಗುತ್ತಿತ್ತು. ಅದಕ್ಕೇ ಅಡ್ಡ ಸೀಳಿ, ಹಳೆ ಮನೆಯಿದ್ದ ರಸ್ತೆಯ ಕಡೆಯದು ನನಗೆ, ಹಿಂದಿನದು ತಂಗಿ ಶಾಂತಾಗೆ, ಅವಳು ಓಡಾಡಲು ನನ್ನ ಪಾಲಿನ ಪಕ್ಕದಲ್ಲಿ ಒಂದು ಸಂದಿ ಎಂದು ಮಾತಾಯಿತು. ನಾಲ್ಕನೇ ಇಯತ್ತೆ ಓದಿದ ನಾನೇ ಹಗ್ಗ ಹಿಡಿದು ಅಳೆದೆ. ಇಷ್ಟಕ್ಕೆಲ್ಲ ಎಂಜಿನಿಯರಿಗೆ ಯಾಕೆ ತೊಂದರೆ ಕೊಡುವುದು!

ಅಳೆಯುವಾಗ ನನಗೆ ಜ್ಞಾನೋದಯವಾಯಿತು. ಆ ಸಂದಿಯಲ್ಲೊಂದು ಕೋಣೆ ಎಬ್ಬಿಸಿದರೆ ಬಾಡಿಗೆಗೆ ಕೊಡಬಹುದು! ಪಕ್ಕದಲ್ಲಿ ಹಾವೇರಿಯವರೊಬ್ಬರ ಖಾಲಿ ಸೈಟಿತ್ತು. ನಾವೆಲ್ಲ ಹುಟ್ಟಿದಾಗಿನಿಂದ ಅದರೊಳಗೇ ಓಡಾಡಿದವರು.

ಆ ಕೋಣೆಯ ಬುನಾದಿ ನೋಡಿದ ಶಾಂತಾ ಮೆಲ್ಲಗೆ ಕೇಳಿದಳು, “ಅಣ್ಣಾ, ನಾ ಎಲ್ಲಿಂದ ಹಾಯ್ಲಿ?”

“ಖಾಲಿ ಜಾಗಾ ಐತೆಲ್ಲವ್ವಾ. ಓಣಿ ಮಂದೆಲ್ಲಾ ಅಲ್ಲೇ ಅಡ್ಡಾಡತೈತಿ.”

ಅವಳು ಆ ಖಾಲಿ ಸೈಟಿನೊಳಗಿಂದಲೇ ತನ್ನ ಪಾಲಿನ ಜಾಗಕ್ಕೆ ಹೋದಳು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ, ಬಾಡಿಗೆ ಮನೆಗಳನ್ನು ಬದಲಿಸಿ ಬದಲಿಸಿ ಸಾಕಾದವಳು. ಸ್ವಂತ ಮನೆ ಎಂಬುದು ಅವಳ ಪಾಲಿಗೆ ಸಣ್ಣ ಮಾತಲ್ಲ.

ಅವಳ ಮನೆಗೆ ಸ್ಲ್ಯಾಬ್ ಬಿದ್ದ ಮೇಲೆ ಹಾವೇರಿಯವರು ಬಂದರು. ತಮ್ಮ ಸೈಟಿಗೆ ಸುತ್ತಲೂ ಕಾಂಪೌಂಡ್ ಕಟ್ಟಿದರು. ಅವರ ಜಾಗ, ಅವರ ಗೋಡೆ. ನನ್ನ ತಂಗಿ ಮಾತ್ರ ಡಬ್ಬಿಯೊಳಗಿನ ಉಪ್ಪಿನಕಾಯಿಯಾದಳು.

ಅಂದಿನಿಂದ ಅವಳ ಮನೆಗೆ ಹೆದ್ದಾರಿ ಎಂದರೆ ನಮ್ಮ ಪಡಸಾಲೆ, ಅಡುಗೆಮನೆ, ಹಿತ್ತಲ ಬಾಗಿಲು. ಮರಳು ಹೋಯಿತು, ಟೈಲ್ಸ್ ಹೋದವು, ಸಂಡಾಸದ ಕಮೋಡ್ ನಮ್ಮ ಒಲೆಯ ಮುಂದೆ ಮೆರವಣಿಗೆ ಹೋಯಿತು. ನನ್ನ ಹೆಂಡತಿ ಗಿರಿಜಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಟೋಲ್ ಗೇಟ್ ಒಂದು ಹಾಕಿಬಿಡಿರೆಂದು ಸಲಹೆ ಕೊಟ್ಟಳು. ಶಾಂತಾ ಮಾತ್ರ ಪ್ರತಿ ಸಲವೂ ಹೊಸ್ತಿಲಲ್ಲಿ ನಿಂತು, ಅತ್ತಿಗೆಯನ್ನು “ವೈನಿ, ಬರ್ಲೇನ್ರಿ?” ಎಂದು ಕೇಳಿಯೇ ಒಳಗೆ ಕಾಲಿಡುತ್ತಿದ್ದಳು. ಸ್ವಂತ ಮನೆಗೆ ಹೋಗಲು ಅಪ್ಪಣೆ! ನಾನು ಆಗೆಲ್ಲ ಟಿವಿಯ ಸೌಂಡು ಹೆಚ್ಚಿಸುತ್ತಿದ್ದೆ.

ಗೃಹಪ್ರವೇಶದ ದಿನ ಬಂತು. ಹೊಸ ಮನೆಗೆ ಮೊದಲು ಆಕಳು ಕಾಲಿಡಬೇಕು. ಆಕಳು ನಮ್ಮ ಪಡಸಾಲೆಯವರೆಗೆ ಗಂಭೀರವಾಗಿ ಬಂತು. ಅಡುಗೆಮನೆಯ ಬಾಗಿಲು ನೋಡಿತು, ನನ್ನನ್ನು ನೋಡಿತು, ನಿಂತಿತು. ಶಾಂತಾಳ ಗಂಡ ಮುಂದಿನಿಂದ ಹಗ್ಗ ಜಗ್ಗಿದ, ನಾನು ಹಿಂದಿನಿಂದ ನೂಕಿದೆ. ಆಕಳು ಊಟಕ್ಕೆಂದು ಒಟ್ಟಿದ್ದ ರೊಟ್ಟಿಗಳಿಗೆ ಬಾಯಿ ಹಾಕಿತು. ಆಮೇಲೆ ನನ್ನ ಕಾಲಿನ ಮೇಲೆಯೇ ಸೆಗಣಿ ಹಾಕಿತು. ಗೃಹಪ್ರವೇಶ ಯಾರ ಮನೆಯದೆಂದು ಓಣಿಯ ಹೆಂಗಸರು ವಿಚಾರಿಸತೊಡಗಿದರು. ಮುಹೂರ್ತ ಮೀರುತ್ತಿದೆಯೆಂದು ಪೂಜೆಗೆ ಬಂದಿದ್ದ ಅಯ್ನಾರು ಹಿತ್ತಲಿನಿಂದ ಕೂಗಿದರು.

ಆರತಿ ತಟ್ಟೆ ಹಿಡಿದಿದ್ದ ಶಾಂತಾ ಹಿತ್ತಲ ಬಾಗಿಲಿಗೆ ಬಂದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ಬಿಡಣ್ಣಾ. ನನಗಂತೂ ರೂಢಿ ಆಗೇತಿ. ಪಾಪ, ಅದಕ್ಯಾಕ ಈ ತ್ರಾಸು?”

ನಾನು ಹಾರೆ ತಗೊಂಡು, ಸಂದಿಯಲ್ಲಿ ಕಟ್ಟಿಸಿ ಇನ್ನೂ ಖಾಲಿಯಿದ್ದ ಬಾಡಿಗೆ ಕೋಣೆಗೆ ಹೋದೆ. ರಸ್ತೆಗೆ ಅದರ ಬಾಗಿಲಿತ್ತು; ಹಿಂದಿನ ಗೋಡೆಯಾಚೆ ತಂಗಿಯ ಅಂಗಳ. ನನಗೆ ತಲೆ ಕೆಟ್ಟಿತೆಂದು ಓಣಿಯೇ ಕೂಡಿತು. ಗಿರಿಜಾ ಮಾತ್ರ ಪಡಸಾಲೆಯಿಂದ ನೋಡಿ, ಕಟ್ಟುವಾಗ ಇಷ್ಟು ಹುರುಪು ಇರಲಿಲ್ಲವಲ್ಲ ಎಂದಳು. ಗೋಡೆ ನಾನೇ ಅಗ್ಗದ ಸಿಮೆಂಟಿನಲ್ಲಿ ಕಟ್ಟಿಸಿದ್ದು, ಬೇಗ ಬಿತ್ತು. ಜೀವನದಲ್ಲಿ ನನ್ನ ಜಿಪುಣತನ ಉಪಕಾರಕ್ಕೆ ಬಂದದ್ದು ಅದೊಂದೇ ಸಲ!

ರಸ್ತೆಗೆ ತಿರುಗಿಸಿ ತಂದ ಆಕಳು ಆ ಕೋಣೆಯೊಳಗಿಂದ ಇಟ್ಟಿಗೆ ಚೂರು ದಾಟಿ, ಇಷ್ಟೇ ಬೇಕಾಗಿತ್ತೆಂಬಂತೆ ನೆಟ್ಟಗೆ ಶಾಂತಾಳ ಮನೆಯೊಳಗೆ ನಡೆಯಿತು. ನಾನು ತಲೆ ತುಂಬ ಧೂಳು, ಕಾಲು ತುಂಬ ಸೆಗಣಿ ಹೊತ್ತು ಅವಳ ಹೊಸ್ತಿಲ ಹೊರಗೇ ನಿಂತೆ. ಒಳಗೆ ಬಾ ಎಂದಳು.

“ತಡಿ ಶಾಂತಾ. ನಿನ್ನ ಹಾದಿ ನಾ ಮರ್ತಿರ್ಲಿಲ್ಲವ್ವಾ, ಬಾಡಿಗಿ ಆಸೇಕ ನುಂಗಿದ್ದೆ. ತಪ್ಪಾತು.”